ತಿಂಗಳು ತುಂಬದ ಮಗುವಿಗೆ ಮಿದುಳಲ್ಲಿ ರಕ್ತಸ್ರಾವ: ಸಂಬಂಧದಲ್ಲಿ ಮದುವೆಯಾದದ್ದೇ ಕಾರಣವೇ?

ಸಿಂಧನೂರಿನಿಂದ ಕೇಳಿದ್ದೀರಿ: ಸೋದರಮಾವನನ್ನೇ ಮದುವೆಯಾದ ತಂಗಿಗೆ 29 ವಾರಕ್ಕೆ ಹೆರಿಗೆಯಾಗಿದೆ, ನೆತ್ತಿಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿದೆ. ಬಹುಮಟ್ಟಿಗೆ ಮದುವೆ ಕಾರಣವಲ್ಲ, ವಾರ ಕಡಿಮೆಯಾದದ್ದೇ ಕಾರಣ.

32 ವಾರದೊಳಗೆ ಮಿದುಳಿನ ಕುಹರಗಳ (ಒಳಗಿನ ದ್ರವ ತುಂಬಿದ ಪೊಳ್ಳುಗಳ) ಅಂಚಿನಲ್ಲಿ ಹೊಸ ಜೀವಕೋಶ ಹುಟ್ಟುವ ಪದರವೊಂದು ಇರುತ್ತದೆ. ಅಲ್ಲಿನ ರಕ್ತನಾಳದ ಗೋಡೆ ತೀರಾ ತೆಳು. ಬಿಪಿ ಏರಿಳಿದರೆ, ಉಸಿರಾಟ ಕೆಟ್ಟು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಒಡೆಯುತ್ತದೆ, ಹೆಚ್ಚಾಗಿ ಮೊದಲ 72 ಗಂಟೆಯಲ್ಲೇ.

ಜೀನ್ ಪಾತ್ರ ಇಲ್ಲವೆಂದಲ್ಲ. ಸಿಒಎಲ್4ಎ1 ಜೀನ್ ಕೆಟ್ಟರೆ ನಾಳದ ಗೋಡೆಗೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ದುರ್ಬಲವಾಗುತ್ತದೆ. ಆದರೆ ಇದಕ್ಕೆ ತಂದೆ ಅಥವಾ ತಾಯಿ, ಒಬ್ಬರ ಕಡೆಯ ದೋಷ ಸಾಕು. ಮಗುವಿನಲ್ಲೇ ಹೊಸದಾಗಿಯೂ ಹುಟ್ಟಬಹುದು. ಸಂಬಂಧದ ಮದುವೆಯಲ್ಲಿ ನೋಡಬೇಕಾದದ್ದು ಇಬ್ಬರಿಂದಲೂ ಬರುವ ದೋಷ, ಉದಾಹರಣೆಗೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 13ರ ಕೊರತೆ. ಅಪರೂಪದ್ದು, ಆದರೆ ಗುರುತಿದೆ: ಹೊಕ್ಕುಳಲ್ಲಿ ದಿನಗಟ್ಟಲೆ ರಕ್ತ ಜಿನುಗುತ್ತದೆ. ಇದರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಪಿಟಿ, ಎಪಿಟಿಟಿ ಪರೀಕ್ಷೆಗಳ ರಿಪೋರ್ಟ್ ನಾರ್ಮಲ್ ಬಂದು ದಾರಿ ತಪ್ಪಿಸುತ್ತದೆ. ಫ್ಯಾಕ್ಟರ್ 13 ಪರೀಕ್ಷೆ ಬೇರೆಯಾಗಿಯೇ ಬರೆಸಬೇಕು. ಮನೆತನದಲ್ಲಿ ಹಿಂದೆ ಹೀಗೆ ಕೂಸು ಹೋಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಮುಂದಿನ ಬಸಿರಲ್ಲಿ 34 ವಾರದೊಳಗೆ ನೋವು ಕಾಣಿಸಿಕೊಂಡರೆ ತಾಯಿಗೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ., 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬಲಿಯುತ್ತದೆ, ಮಿದುಳಿನ ರಕ್ತಸ್ರಾವವೂ ಕಡಿಮೆ. ಹೆತ್ತ ಮೇಲೆ ಕೂಸನ್ನು ಆಂಬುಲೆನ್ಸಿನಲ್ಲಿ ಒಯ್ಯುವುದಕ್ಕಿಂತ, ಹೊಟ್ಟೆಯಲ್ಲಿದ್ದಾಗಲೇ ತಾಯಿಯನ್ನು ರಾಯಚೂರಿನ ರಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಸೇರಿಸಿ.