ಪಾಯಿಂಟ್ ಲೆಕ್ಕ ಅಪ್ಪನ ಫೋನಲ್ಲಿ ಬೇಡ

ಆಟ ಆಡುವ ಮಕ್ಕಳನ್ನು ಕರೆದುಕೊಂಡು ಸಲಹೆಗೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಉಡುಪಿಯಲ್ಲಿ ಈಗ ಜಾಸ್ತಿ. ಹೆಚ್ಚಿನವರು ಹೇಳುವುದು ಒಂದೇ, ಕಳೆದ ವರ್ಷ ಚೆನ್ನಾಗಿ ಆಡುತ್ತಿದ್ದಳು, ಈ ವರ್ಷ ಏನೋ ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬ ಹುಡುಗಿಗೆ 16. ಟೆನಿಸ್ ಆಡುತ್ತಾಳೆ. ನಮ್ಮ ಮಳೆಗಾಲದಲ್ಲಿ ಹೊರಗಿನ ಕೋರ್ಟಲ್ಲಿ ಆಡುವುದು ಆಗದ ಮಾತು, ಹಾಗಾಗಿ ಜೂನ್ ಬಂದರೆ ಬೆಂಗಳೂರಿನ ದೊಡ್ಡಮ್ಮನ ಮನೆ. ಹಿಂದಿನ ಸೀಸನ್‌ನಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಜೂನಿಯರ್ ಜೆ60 ಟೂರ್ನಿ, ಅಂದರೆ ಗೆದ್ದವರಿಗೆ 60 ರ‍್ಯಾಂಕಿಂಗ್ ಪಾಯಿಂಟ್ ಸಿಗುವ ಟೂರ್ನಿ, ಗೆದ್ದಿದ್ದಳು. ಊರಲ್ಲಿ ಫ್ಲೆಕ್ಸ್ ಹಾಕಿದ್ದರು. ಈ ಸೀಸನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋಲು, ಸಾಲು ಸಾಲು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪುವುದು), ಪಂದ್ಯದ ಹಿಂದಿನ ರಾತ್ರಿ ವಾಂತಿ. ಡಾಕ್ಟರ್ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ.

ಇಲ್ಲಿ ರ‍್ಯಾಂಕಿಂಗ್ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಟೂರ್ನಿಗಳಲ್ಲಿ ಗೆದ್ದ ಪಾಯಿಂಟ್ 52 ವಾರ ಮಾತ್ರ ಉಳಿಯುತ್ತದೆ. ಆಮೇಲೆ ಹೋಗುತ್ತದೆ. ಅಂದರೆ ಒಂದು ವರ್ಷ ಚೆನ್ನಾಗಿ ಆಡಿದವಳು ಮರುವರ್ಷ ಅಷ್ಟೇ ಚೆನ್ನಾಗಿ ಆಡಿದರೂ ಇದ್ದಲ್ಲೇ ಇರುತ್ತಾಳೆ. ಮೇಲೆ ಬರುತ್ತಿರುವ ಹುಡುಗಿಗೆ ಎರಡನೇ ಸೀಸನ್ ಕಷ್ಟವಾಗಲು ಇದೂ ಒಂದು ಕಾರಣ.

ಅಪ್ಪ, ಅಮ್ಮ, ಮಗಳು ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಅಪ್ಪ ಫೋನ್ ತೆಗೆದು ಎಕ್ಸೆಲ್ ಶೀಟ್ ತೋರಿಸಿದರು. ಯಾವ ವಾರ ಎಷ್ಟು ಪಾಯಿಂಟ್ ಹೋಗುತ್ತದೆ, ಅದನ್ನು ತುಂಬಲು ಎಲ್ಲಿ ಯಾವ ಸುತ್ತಿನವರೆಗೆ ಗೆಲ್ಲಬೇಕು, ಎಲ್ಲ ಬಣ್ಣ ಹಾಕಿ ಬರೆದಿದ್ದರು. ಪ್ರೀತಿಯಿಂದ ಮಾಡಿದ ಕೆಲಸ, ಅದರಲ್ಲಿ ಅನುಮಾನ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಓದಿ ಹೇಳುತ್ತಿದ್ದರಂತೆ. ಅಲ್ಲಿಯವರೆಗೆ ಸುಮ್ನೆ ಇದ್ದ ಹುಡುಗಿ ಹೇಳಿದಳು, "ಅಪ್ಪ, ಮುಂದಿನ ತಿಂಗಳಿನ 60 ನೀವು ಈಗಲೇ ಕೆಂಪಲ್ಲಿ ಬರೆದಿದ್ದೀರಿ. ನಾನು ಇನ್ನೂ ಆಡಿಯೇ ಇಲ್ಲ ಅಲ್ವಾ?"

ಅಮ್ಮ ಅಳಲು ಶುರು ಮಾಡಿದರು. ಅಪ್ಪ ಮಾತ್ರ, "ಹಾಗಲ್ಲ ಮೇಡಂ, ರ‍್ಯಾಂಕಿಂಗ್ ಬಿದ್ರೆ ಮತ್ತೆ ಕ್ವಾಲಿಫೈಯಿಂಗ್‌ನಿಂದ ಆಡ್ಬೇಕು, ಗೊತ್ತುಂಟಾ? ಖರ್ಚು ಎಷ್ಟುಂಟು?" ಅಂದರು. ಕ್ವಾಲಿಫೈಯಿಂಗ್ ಅಂದರೆ ಮುಖ್ಯ ಟೂರ್ನಿಗೆ ಹೋಗಲು ಮೊದಲು ಗೆಲ್ಲಬೇಕಾದ ಅರ್ಹತಾ ಪಂದ್ಯಗಳು. ಅವರು ಹೇಳಿದ್ದು ಸುಳ್ಳಲ್ಲ. ಸಾಲ ಮಾಡಿದ ಮನೆ ಅದು.

ನಾನು ಹೇಳಿದ್ದು ಇಷ್ಟು. ಶೀಟ್ ಕೋಚ್ ಹತ್ತಿರ ಇರಲಿ, ಮನೆಯಲ್ಲಿ ಪಾಯಿಂಟ್ ಮಾತು ಬೇಡ. ಜೆ60ರ ಪಾಯಿಂಟ್ ಹೋಗುವ ವಾರ ಯಾವ ಟೂರ್ನಿಗೂ ಹೆಸರು ಕೊಡಬೇಡಿ, ಹೋದರೆ ಹೋಗಲಿ, ಹೋದ ಮೇಲೂ ಮನೆಯಲ್ಲಿ ಎಲ್ಲ ಮೊದಲಿನ ಹಾಗೇ ಇದೆ ಅಂತ ಅವಳು ಒಮ್ಮೆ ಕಣ್ಣಾರೆ ನೋಡಬೇಕು. ಸೋತ ದಿನ ಅವಳಾಗಿ ಮಾತಾಡುವವರೆಗೆ ಪಂದ್ಯದ ಬಗ್ಗೆ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ.

ಇದನ್ನು ಕೇಳಿದ ಒಬ್ಬರು ತರಬೇತುದಾರರು, ಹೀಗೆ ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ ಅಂದರು. ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಆಶ್ಲೀ ಬಾರ್ಟಿ 2014ರಲ್ಲಿ, 18ನೇ ವಯಸ್ಸಲ್ಲಿ, ಟೆನಿಸ್ ಬಿಟ್ಟು ಹೋಗಿದ್ದರು. ನಡುವೆ ಕ್ರಿಕೆಟ್ ಆಡಿದರು. 2016ರಲ್ಲಿ ತಿರುಗಿ ಬಂದು 2019ರಲ್ಲಿ ಫ್ರೆಂಚ್ ಓಪನ್ ಗೆದ್ದರು, ವಿಶ್ವದ ನಂಬರ್ ಒನ್ ಆದರು. ಎಲ್ಲರಿಗೂ ಹಾಗೆ ಆಗುತ್ತದೆ ಅಂತಲ್ಲ. ವಿರಾಮ ಕೊಟ್ಟರೆ ಗೆಲ್ಲುತ್ತಾಳೆ ಅಂತ ನಾನು ಯಾವ ಅಪ್ಪನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ 16 ವರ್ಷದ ಹುಡುಗಿ ರಾತ್ರಿಯಿಡೀ ವಾಂತಿ ಮಾಡಿ ಬೆಳಿಗ್ಗೆ ಕೋರ್ಟಿಗೆ ಇಳಿಯಬಾರದು. ಅವಳು ಗೆದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ರ‍್ಯಾಂಕಿಂಗ್ ಬಿತ್ತು. ಅಪ್ಪ ಹೆದರಿದ್ದ ಹಾಗೇ ಈಗ ಕೆಲವು ಕಡೆ ಕ್ವಾಲಿಫೈಯಿಂಗ್ ಆಡುತ್ತಿದ್ದಾಳೆ. ವಾಂತಿ ನಿಂತಿದೆ. ಹೆಸರು ಕೊಡುವ ಮೊದಲು ಅಪ್ಪ ಇನ್ನೂ ನನಗೆ ಫೋನ್ ಮಾಡಿ, "ಕೊಡ್ಬಹುದಾ ಮೇಡಂ?" ಅಂತ ಕೇಳುತ್ತಾರೆ. ಮಗಳನ್ನು ಕೇಳಿ ಅನ್ನುತ್ತೇನೆ.