ಕಾಯುತ್ತಾ ಕೂರುವ ಹೊತ್ತಿನಲ್ಲಿ ಏನಾದರೂ ಕಲಿಯಲು ಆಗುತ್ತದೆಯೇ?

ಬಸ್ಸಿಗೆ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕಾಯುವುದರಲ್ಲೇ ದಿನ ಹೋಗುತ್ತದೆ, ಆ ಹೊತ್ತಿನಲ್ಲಿ ಏನು ಕಲಿತು ಮುಂದೆ ಬರಬಹುದು ಎಂದು ಕೇಳಿದ್ದೀರಿ. ಬಸ್ಸು, ಬ್ಯಾಂಕಿನ ವಿಷಯ ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಕಾಯುವುದರಲ್ಲಿ ಮಾತ್ರ ಚೆನ್ನಾಗಿ ಪಳಗಿದ್ದೇನೆ.

ನಮ್ಮಮ್ಮನಿಗೆ ಡಯಾಲಿಸಿಸ್, ಅಂದರೆ ಕಿಡ್ನಿ ಮಾಡಬೇಕಾದ ಕೆಲಸವನ್ನು ಮಷಿನ್‌ನಿಂದ ಮಾಡಿಸುವುದು. ಮಂಗಳವಾರ, ಗುರುವಾರ, ಶನಿವಾರ. ಮಷಿನ್ ಓಡುವುದು 4 ಗಂಟೆ. ಅದಕ್ಕೆ ಮೊದಲು ತೂಕ ನೋಡಿ, ಕೈಗೆ ಎರಡು ಸೂಜಿ ಹಾಕಬೇಕು. ಮುಗಿದ ಮೇಲೆ ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವ ತನಕ ಒತ್ತಿ ಹಿಡಿಯಬೇಕು. ಎಲ್ಲ ಸೇರಿ 5 ಗಂಟೆ, ವಾರಕ್ಕೆ 15.

ಶುರುವಿನಲ್ಲಿ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ. ವಾರಕ್ಕೆ 15 ಗಂಟೆ ಸಿಕ್ಕರೆ ಒಂದು ಕೋರ್ಸ್ ಮುಗಿಸಬಹುದು, ಅಲ್ವಾ? ಎಕ್ಸೆಲ್ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತೆ. ಮೂರನೇ ದಿನ ಒಳಗೆ ಅಮ್ಮನ ಬಿಪಿ ಬಿತ್ತು. ಮೈಯಿಂದ ನೀರು ಬೇಗ ಬೇಗ ಎಳೆದಾಗ ಹಾಗಾಗುತ್ತದೆ. ಕಾಲು ಎತ್ತರಿಸಿ, ಸಲೈನ್ ಬಿಟ್ಟು ಸರಿ ಮಾಡುತ್ತಾರೆ. ಸಿಸ್ಟರ್ ಬಾಗಿಲಿಗೆ ಬಂದು ಮೂರು ಸಲ ನನ್ನ ಹೆಸರು ಕೂಗಿದರಂತೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಮೊಣಕೈಯಿಂದ ತಿವಿದಾಗಲೇ ನನಗೆ ಗೊತ್ತಾಗಿದ್ದು. ಒಳಗೆ ಹೋದರೆ ಅಮ್ಮನ ಮುಖ ಬಿಳಿಚಿಕೊಂಡಿತ್ತು. ಕೋರ್ಸ್ ಅವತ್ತಿಗೇ ನಿಂತಿತು. ಆಮೇಲೆ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಹೋದೆ. ಮೂರು ವಾರ 40ನೇ ಪುಟದಲ್ಲೇ ಇದ್ದೆ.

ಕಾಯುವವನ ಒಂದು ಕಿವಿ ಯಾವಾಗಲೂ ಬಾಗಿಲ ಕಡೆ ಇರುತ್ತದೆ, ಇರಲೇಬೇಕು. ಮಿಕ್ಕ ಅರ್ಧ ಗಮನದಲ್ಲಿ ಆಗುವಂಥ ಕೆಲಸ ಬೇಕು. ಕರೆದಾಗ ತಟ್ಟನೆ ಬಿಟ್ಟು ಏಳುವಂತಿರಬೇಕು, ವಾಪಸ್ ಬಂದು ಕೂತಾಗ ‘ಎಲ್ಲಿದ್ದೆ’ ಎಂದು ಹುಡುಕುವ ಹಾಗಿರಬಾರದು. ಅಂಥದ್ದು ಮನೆಯಿಂದ ಹೊತ್ತುಕೊಂಡು ಹೋದದ್ದರಲ್ಲಿ ಸಿಗಲಿಲ್ಲ. ನನ್ನೆದುರಿನ ಗೋಡೆಯ ಮೇಲೇ ಇತ್ತು.

ಸಿಸ್ಟರ್‌ಗಳ ಮೇಜಿನ ಹಿಂದೆ ಒಂದು ಮಲಯಾಳಂ ಕ್ಯಾಲೆಂಡರ್. ಅಲ್ಲಿನ ಸಿಸ್ಟರ್‌ಗಳಲ್ಲಿ ಮೂವರು ಕೇರಳದವರು. ಏನೂ ತೋಚದೆ ಒಂದು ದಿನ ಸುಮ್ನೆ ಕೇಳಿದೆ, ‘ಸಿಸ್ಟರ್, ಇವತ್ತಿನ ವಾರಕ್ಕೆ ಏನಂತೀರಿ?’ ಅವತ್ತು ಗುರುವಾರ. ‘ವ್ಯಾೞಂ’ ಎಂದರು. ನಾನು ‘ವ್ಯಾಳಂ’ ಎಂದೆ. ‘ಅಯ್ಯೋ, ಅಲ್ಲ’ ಎಂದು ನಕ್ಕರು. ನಾಲಿಗೆ ಹಿಂದಕ್ಕೆ ಬಾಗಬೇಕು, ಆದರೆ ಅಂಗುಳಕ್ಕೆ ತಾಗಬಾರದು. ಆ ಒಂದು ಸದ್ದು ನನ್ನ ಬಾಯಿಗೆ ಬರಲು ಮೂರು ವಾರ ಹಿಡಿಯಿತು. ಬೆಂಚಿನಲ್ಲಿ ಕೂತು ಒಬ್ಬನೇ ಗೊಣಗುವುದನ್ನು ನೋಡಿ ಆ ಅಜ್ಜ ಸ್ವಲ್ಪ ದೂರ ಸರಿದು ಕೂತರು.

ತಮಾಷೆ ಅಂದರೆ ಈ ೞ ನಮ್ಮದೇ ಅಕ್ಷರ. ಹಳಗನ್ನಡದಲ್ಲಿ ಮೞೆ, ಬಾೞೆ, ಏೞ್ ಎಂದೇ ಬರೆಯುತ್ತಿದ್ದರು. ಆಮೇಲೆ ನಾವು ಇವನ್ನೆಲ್ಲ ಳ ಮಾಡಿಕೊಂಡೆವು, ಅವರು ಉಳಿಸಿಕೊಂಡರು. ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಅವರ ಪಾಲ್ ನಮ್ಮ ಹಾಲು, ಪುಲಿ ನಮ್ಮ ಹುಲಿ, ಪತ್ತ್ ನಮ್ಮ ಹತ್ತು. ಶುಕ್ರವಾರಕ್ಕೆ ವೆಳ್ಳಿ ಅನ್ನುತ್ತಾರೆ. ನಾವೂ ಶುಕ್ರನಿಗೆ ಬೆಳ್ಳಿ ಚುಕ್ಕಿ ಅನ್ನುತ್ತೇವಲ್ಲ! ಸೋಮವಾರ ತಿಂಗಳ್, ಅಂದರೆ ನಮ್ಮ ಬೆಳದಿಂಗಳಿನ ತಿಂಗಳು. ಒಂದು ಪದ, ಎರಡು ನಿಮಿಷ. ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ ಸಾಕು.

ಅಮ್ಮನಿಗೂ ಇದು ಅಂಟಿಕೊಂಡಿತು. ಪೊಟ್ಯಾಶಿಯಂ ಜಾಸ್ತಿ ಎಂದು ಬಾಳೆಹಣ್ಣು, ಎಳನೀರು ಎಲ್ಲ ಬಿಡಿಸಿದ್ದಾರೆ. ಸಿಸ್ಟರ್ ‘ವಾೞಪ್ಪೞಂ’ ಹೇಳಿಕೊಟ್ಟ ದಿನ ಅಮ್ಮ, ‘ತಿನ್ನೋಕಂತೂ ಬಿಡಲ್ಲ, ಹೆಸರಾದರೂ ಬಾಯ್ತುಂಬ ಹೇಳ್ತೀನಿ ಬಿಡಿ’ ಎಂದರು. ಅವರ ೞ ನನ್ನದಕ್ಕಿಂತ ಚೆನ್ನಾಗಿದೆ ಎಂದು ಸಿಸ್ಟರ್ ತೀರ್ಪು ಕೊಟ್ಟಿದ್ದಾರೆ. ನನಗೆ ಒಪ್ಪಿಗೆ ಇಲ್ಲ.

ಎಂಟು ತಿಂಗಳಾಯಿತು. ಮಲಯಾಳಂ ಬೋರ್ಡುಗಳನ್ನು ಓದುತ್ತೇನೆ. ಪೇಪರಿನ ತಲೆಬರಹವನ್ನು ಅಕ್ಷರ ಕೂಡಿಸಿ ಓದುತ್ತೇನೆ, ಅರ್ಧ ಅರ್ಥವಾಗುವುದಿಲ್ಲ. ಇದರಿಂದ ಸಂಬಳವೇನೂ ಏರಿಲ್ಲ. ನೀವು ಕೇಳಿದ ‘ಬೆಳವಣಿಗೆ’ ಇದೇನಾ ಅಂದರೆ, ನನಗಂತೂ ಸಾಕಷ್ಟಾಯಿತು.

ಇನ್ನೊಂದು ಮಾತು. ಕೊನೆಯ ಅರ್ಧ ಗಂಟೆ ನಾನು ಏನನ್ನೂ ಕಲಿಯುವುದಿಲ್ಲ. ಆ ಹೊತ್ತಿಗೆ ಅಮ್ಮನಿಗೆ ಸುಸ್ತು, ಒಮ್ಮೊಮ್ಮೆ ಕಾಲಿನಲ್ಲಿ ಸೆಳೆತ. ಬಿಟ್ಟರೆ ಒಳಗೆ ಹೋಗಿ ಪಾದ ಒತ್ತುತ್ತಾ ಕೂರುತ್ತೇನೆ. ನೋಟ್‌ಬುಕ್ ಜೇಬಿನಲ್ಲೇ ಇರುತ್ತದೆ. ನಿಮ್ಮ ಕಾಯುವಿಕೆಯಲ್ಲೂ ಅಂಥ ಹೊತ್ತಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ನಾಳೆ ಮತ್ತೆ ಹೋಗಬೇಕು. ಈಗಷ್ಟೇ ಅಮ್ಮ ಒಳಗಿನಿಂದ ಕೂಗಿದರು: ‘ನಾಳೆ ವ್ಯಾೞಂ ಕಣೋ, ಅಲಾರಂ ಇಟ್ಕೊಂಡು ಮಲಗು.’