ಯಾರಿಗೂ ಹೇಳಬೇಡಿ ಎಂದಿದ್ದೀರಿ, ಹೇಳಿದ್ದೇನೆ

ಓದುಗರೊಬ್ಬರ ಪತ್ರ: "ನಮ್ಮ ಮನೆಯ ಮಗು ಮೊಬೈಲಿನಲ್ಲಿ ಆಟ ಆಡುತ್ತಿತ್ತು. ಆಟದ ಚಾಟ್‌ನಲ್ಲಿ ಒಬ್ಬ ಪರಿಚಯವಾದ. ತನಗೂ ಹದಿನಾರು ವರ್ಷ ಅಂದ. ಎರಡು ತಿಂಗಳು ಒಳ್ಳೆ ಮಾತು. ಆಮೇಲೆ ಬೇಡದ ಫೋಟೊ ಕೇಳಿದ. ಕೊಡದಿದ್ದಾಗ ಮಗುವಿನ ಮುಖವನ್ನು ಬೇರೆ ಯಾರದೋ ಮೈಗೆ ಅಂಟಿಸಿ, ಎಲ್ಲರಿಗೂ ಕಳಿಸ್ತೀನಿ ಅಂತ ಹೆದರಿಸಿದ. ನಾವು ಎಲ್ಲ ಡಿಲೀಟ್ ಮಾಡಿ, ಸಿಮ್ ಮುರಿದು ಹಾಕಿದೆವು. ಇದಾಗಿ ಮೂರು ವಾರ. ಪರಿಚಯದ ಪೊಲೀಸರೊಬ್ಬರು ಕೇಸು ಬೇಡ, ಕೋರ್ಟಿಗೆ ಅಲೆಯಬೇಕಾಗುತ್ತೆ ಅಂದರು. ಇಂಥವರಿಗೆ ನಮ್ಮ ದೇಶದಲ್ಲಿ ಕಾನೂನೇ ಇಲ್ಲವೇ? ಗಲ್ಲಿಗೆ ಹಾಕಬೇಕು. ದಯವಿಟ್ಟು ಯಾರಿಗೂ ಹೇಳಬೇಡಿ."

ನಮಸ್ಕಾರ. ನಿಮ್ಮ ಪತ್ರ ಮೂರು ಪುಟ ಇತ್ತು. ಊರು, ಶಾಲೆ, ಮಗು ನಿಮಗೆ ಏನಾಗಬೇಕು ಎಂಬುದು, ಎಲ್ಲ ತೆಗೆದಿದ್ದೇನೆ. ಇದು ನನ್ನ ದೊಡ್ಡತನವೇನಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಮಗುವಿನ ಗುರುತು ಹತ್ತುವ ವಿವರ ಅಚ್ಚಾದರೆ ಜೈಲಿಗೆ ಹೋಗುವವರು ಪತ್ರಿಕೆಯವರು. ಕೇಸು ಹಾಕಿದರೆ ಪೇಪರಿನಲ್ಲಿ ಹೆಸರು ಬರುತ್ತೆ ಅಂತ ಹೆದರಿದ್ದೀರಲ್ಲ, ಆ ಹೆದರಿಕೆಗೆ 2012ರಲ್ಲೇ ಬೀಗ ಹಾಕಿದ್ದಾರೆ.

ಕಾನೂನು ಇಲ್ಲವೇ ಅಂದಿರಿ. ಇದೆ. ಅದೇ ಕಾಯ್ದೆಯ 11ನೇ ಸೆಕ್ಷನ್ ಓದಿದರೆ ನಿಮ್ಮ ಪತ್ರವನ್ನು ಮುಂದಿಟ್ಟುಕೊಂಡು ಬರೆದ ಹಾಗಿದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ಪದೇ ಪದೇ ಸಂಪರ್ಕಿಸುವುದು ಅಪರಾಧ. ಅಂಥ ಚಿತ್ರ ಹರಡುತ್ತೇನೆ ಅಂತ ಬೆದರಿಸುವುದೂ ಅಪರಾಧ. ಚಿತ್ರ ನಿಜದ್ದಾದರೂ ಅಷ್ಟೇ, ಅಂಟಿಸಿದ್ದಾದರೂ ಅಷ್ಟೇ. 3 ವರ್ಷದವರೆಗೆ ಜೈಲು. ಇದರ ಜೊತೆಗೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಸೆಕ್ಷನ್ ಇದೆ, 2009ರಿಂದ ಜಾರಿಯಲ್ಲಿದೆ. ಅಶ್ಲೀಲ ಕೆಲಸಕ್ಕೆ ಮಕ್ಕಳನ್ನು ಪುಸಲಾಯಿಸಿ ಆನ್‌ಲೈನ್ ಸಂಬಂಧಕ್ಕೆ ಎಳೆದರೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಗಲ್ಲಿನ ಮಾತು ಬೇರೆ. ತೀರಾ ಘೋರ ಅತ್ಯಾಚಾರದ ಪ್ರಕರಣಗಳಿಗೆ ಅದು 2019ರಲ್ಲೇ ಪೋಕ್ಸೊಗೆ ಸೇರಿತು. ಆಟದ ಚಾಟ್‌ನಲ್ಲಿ ಹೊಂಚು ಹಾಕಿ ಕೂತವನು ಅದಕ್ಕೆ ಹೆದರಿದ ಹಾಗೆ ಕಾಣಲಿಲ್ಲ, ಅಲ್ವಾ?

ಕಷ್ಟ ಇರುವುದು ಆ ಎರಡು ತಿಂಗಳ ಒಳ್ಳೆ ಮಾತಿನಲ್ಲಿ. ಊಟ ಆಯ್ತಾ, ಪರೀಕ್ಷೆ ಹೇಗಾಯ್ತು, ಅಪ್ಪ ಬೈದರಾ. ಇದನ್ನು ಯಾವ ಕಾನೂನು ಹಿಡಿಯುತ್ತೆ? ಇಂಗ್ಲೆಂಡ್ ಕೂಡ ಇಲ್ಲಿ ತಡವರಿಸಿತು. ಅಲ್ಲಿನ 2003ರ ಕಾಯ್ದೆ, ಹೀಗೆ ಮಾತಾಡಿ ಮಗುವನ್ನು ಭೇಟಿಯಾಗಲು ಹೊರಟವನನ್ನು ಹಿಡಿಯುತ್ತಿತ್ತು. ಮಗುವಿಗೆ ಲೈಂಗಿಕ ಮೆಸೇಜ್ ಕಳಿಸುವುದನ್ನೇ ಅಪರಾಧ ಮಾಡಿದ ಕಾನೂನು ಜಾರಿಗೆ ಬಂದಿದ್ದು 2017ರಲ್ಲಿ. ನಮ್ಮಲ್ಲಾದರೂ ಉದ್ದೇಶ ಏನಿತ್ತು ಎಂಬುದನ್ನು ಕೋರ್ಟು ಮಾತಿನ ಜಾಡು ಹಿಡಿದೇ ನೋಡಬೇಕು. ಮೊದಲ ದಿನದ 'ಊಟ ಆಯ್ತಾ'ದಿಂದ ಕೊನೆಯ ಬೆದರಿಕೆಯವರೆಗೆ. ನೀವು ಅಳಿಸಿದ್ದು ಆ ಜಾಡನ್ನೇ. ಬೈಯುತ್ತಿಲ್ಲ. ಗಾಬರಿಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಆದರೂ ಆಟ ಮುಗಿದಿಲ್ಲ. ಖಾತೆ ಮುಚ್ಚಿದ ಮೇಲೂ ನೋಂದಣಿಯ ವಿವರವನ್ನು ಕಂಪನಿ 180 ದಿನ ಇಟ್ಟುಕೊಳ್ಳಬೇಕು ಅಂತ 2021ರ ಐಟಿ ನಿಯಮ ಹೇಳುತ್ತದೆ. ಮೂರು ವಾರ ಅಂದರೆ ಇನ್ನೂ ಸಮಯ ಇದೆ. ಮುರಿದ ಸಿಮ್ ಹೋಗಲಿ, ಆ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ನೇರ ಪೊಲೀಸರಿಗೆ ಕೊಡಿ. ಇನ್ನೊಂದು ಮಾತು. ಅವನು ಕಳಿಸಿದ ಚಿತ್ರವನ್ನು ನಿಮ್ಮ ಸಂಬಂಧಿಯೊಬ್ಬರು 'ಸಾಕ್ಷಿಗೆ ಇರಲಿ' ಅಂತ ತಮ್ಮ ಫೋನಿಗೆ ಕಳಿಸಿಕೊಂಡಿದ್ದಾರೆ ಅಂತ ಬರೆದಿದ್ದೀರಿ. ದೂರು ಕೊಡುವಾಗ ಅದನ್ನೂ ಪೊಲೀಸರಿಗೆ ಹೇಳಿಬಿಡಿ. ಮನೆಯ ಗ್ರೂಪಿಗಂತೂ ಹಾಕಲೇಬೇಡಿ. ಮಗುವಿನ ಅಂಥ ಚಿತ್ರ ಹಂಚುವುದು ಯಾರು ಮಾಡಿದರೂ ಅಪರಾಧ. ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಬಿಡಿಸಿ ಹೇಳಿದೆ.

ನಿಮ್ಮ ಪರಿಚಯದ ಪೊಲೀಸರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಪೋಕ್ಸೊ ದೂರು ಬಂದಾಗ ದಾಖಲಿಸದ ಪೊಲೀಸರಿಗೇ ಶಿಕ್ಷೆ ಇದೆ. ಮಗು ಠಾಣೆಗೆ ಹೋಗಬೇಕಾಗಿಲ್ಲ. ಸಾಧ್ಯವಾದಷ್ಟೂ ಮಹಿಳಾ ಎಸ್‌ಐ, ಸಮವಸ್ತ್ರ ಇಲ್ಲದೆ, ಮನೆಗೇ ಬಂದು ಹೇಳಿಕೆ ಬರೆದುಕೊಳ್ಳಬೇಕು. ಕೋರ್ಟಿನಲ್ಲಿ ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಎಲ್ಲ ಕಡೆ ಹೀಗೇ ನಡೆಯುತ್ತೆ ಅಂತ ನಾನು ಹೇಳಲಾರೆ, ಆದರೆ ಇದನ್ನು ಕೇಳುವ ಹಕ್ಕು ನಿಮಗಿದೆ. ನಿಮ್ಮ ಜಿಲ್ಲೆಯಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಅಲ್ಲಿಗೆ ಹೋಗಿ. ಹೋಗಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು ನಿಮಗೆ ಸಿಟ್ಟು ಬರುವ ವಿಷಯ. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ, ಇಂಥದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಮನೆಯವರಿಗೂ ಇದು ಅನ್ವಯಿಸುತ್ತೆ, ಮಗುವಿಗೆ ಮಾತ್ರ ಇಲ್ಲ. ನಿಮ್ಮ ಪತ್ರ ಒಡೆದ ಗಳಿಗೆಯಿಂದ ನನಗೂ. ನಿಮಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪತ್ರದ ಪ್ರತಿಯನ್ನು ನಿಮ್ಮ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಕೊಟ್ಟಿದ್ದೇನೆ.

ಪತ್ರದ ಕೊನೆಗೆ 'ಮಗು ಈಗ ಸುಮ್ನೆ ಇದೆ, ಫೋನ್ ಕೇಳೋದೂ ಇಲ್ಲ' ಅಂತ ಸಮಾಧಾನಪಟ್ಟಿದ್ದೀರಿ. ನನಗೆ ಸಮಾಧಾನ ಆಗಲಿಲ್ಲ. ತಪ್ಪು ನಿನ್ನದಲ್ಲ ಅಂತ ಮನೆಯಲ್ಲಿ ಯಾರಾದರೂ ಅದಕ್ಕೆ ಹೇಳಿದ್ದೀರಾ? ಮೂರು ಪುಟದಲ್ಲಿ ಹುಡುಕಿದೆ, ಸಿಗಲಿಲ್ಲ. ಪೊಲೀಸರು ಬರುವ ಮುಂಚೆ ಅದೊಂದು ಮಾತು ಹೇಳಿಬಿಡಿ.